ನೀರು ತಂದದ್ದು ಬರಿಯ ಹಠವಲ್ಲ

ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಕೊಂಡಾಡಿದ್ದು ಅವರ ಛಲವನ್ನು. ಈ ಹೊಗಳಿಕೆಗೆ ನನ್ನ ತಕರಾರಿದೆ. ಬರಿಯ ಛಲವುಳ್ಳವನು ಒಣಗಿದ ಸುರಂಗವನ್ನೇ ಸಾಯುವತನಕ ಕೊರೆಯುತ್ತಾನೆ.

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಆ ಕೂಲಿಕಾರರಿಗೆ ದೊರೆತದ್ದು ನೀರಿಲ್ಲದ ಗುಡ್ಡದ ಎರಡು ಎಕರೆ. ಹಗಲು ಪರರ ತೋಟದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡದ ಒಡಲಿಗೆ ಅಡ್ಡಲಾಗಿ ಅಗೆದರು. ನಾಲ್ಕೈದು ಸುರಂಗಗಳು ಬರಿದಾದವು. ಪ್ರತಿ ಸಲವೂ ಅದನ್ನು ಕೈಬಿಟ್ಟು ಬೇರೆಡೆ ತೊಡಗಿದರು. ಎಲ್ಲಿ ನಿಲ್ಲಿಸಬೇಕು, ಮುಂದೆ ಎಲ್ಲಿ ಹಾರೆ ಹಾಕಬೇಕು ಎಂಬುದು ವಿವೇಚನೆಯ ಮಾತು. ಸುರಂಗವೆಂದರೆ ಬಾವಿಯಲ್ಲ: ಮಣ್ಣಿನ ತೇವ ನೋಡಬೇಕು, ನೀರು ತಾನೇ ಹೊರಹರಿಯುವಂತೆ ತುಸು ಇಳಿಜಾರು ಕೊಡಬೇಕು, ಒಳಗೆ ಗಾಳಿ ಸಾಲದಾಯಿತೇ ಎಂಬುದನ್ನು ದೀಪದ ಉರಿಯಿಂದ ತಿಳಿಯಬೇಕು. (ಇದು ಭೌತಶಾಸ್ತ್ರವಲ್ಲದೆ ಮತ್ತೇನು?) ಕೊನೆಗೆ ಒಸರಿದ ನೀರಿನಲ್ಲಿ ಅಡಿಕೆ, ತೆಂಗು, ಬಾಳೆ ಎದ್ದು ನಿಂತವು.

ಇತ್ತ ನಮ್ಮ ತೋಡಾರಿನ ಮಕ್ಕಳು ಟ್ಯೂಷನ್ನಿನಿಂದ ಬಿಡಿಸಿಟ್ಟ ಲೆಕ್ಕಗಳ ಕಟ್ಟು ಹೊತ್ತು ಬರುತ್ತಾರೆ. ತಪ್ಪು ಮಾಡುವ ಅವಕಾಶವನ್ನೇ ಹಣ ತೆತ್ತು ಕಳೆದುಕೊಳ್ಳುವುದೆಂದರೆ ಇದು! ಈಗ ತಂದೆತಾಯಿಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಒಂದು ಲೆಕ್ಕದೊಡನೆ ಮಗು ಮೂರು ದಿನ ಗುದ್ದಾಡಲಿ. ಎಲ್ಲಿ ಕೆಟ್ಟಿತೆಂಬುದನ್ನು ತಾನೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಗೈಡುಗಳನ್ನು ಅಟ್ಟಕ್ಕೇರಿಸಿ.