ಗಾಯ ವಾಸಿಯಾಯ್ತು, ನೋವು ಹೋಗಲಿಲ್ಲ: ಪರಿಹಾರದ ಲೆಕ್ಕದಲ್ಲಿ ಕೆಲಸಗಾರನ ನೋವಿಗೆ ಜಾಗ ಎಲ್ಲಿ?

ರಾಜಾಜಿನಗರ: ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಮಾಗಡಿ ರಸ್ತೆಯ ಗಲ್ಲಿಗಳಲ್ಲಿ ಲೇತ್, ಪವರ್ ಪ್ರೆಸ್‌ಗಳ ಸದ್ದು ಹೊಸದಲ್ಲ. ಪ್ರೆಸ್ಸಿಗೆ ಬೆರಳು ಸಿಕ್ಕಿತು, ಮೇಲಿಂದ ಬಿದ್ದು ಸೊಂಟಕ್ಕೆ ಏಟಾಯ್ತು ಅನ್ನೋ ಸುದ್ದಿಯೂ ಹೊಸದಲ್ಲ. ಹೊಲಿಗೆ ಬಿಚ್ಚಿದರೆ ಎಲ್ಲಾ ಮುಗೀತು ಅಂತ ಜನ ಅಂದ್ಕೊಳ್ತಾರೆ. ಆದರೆ ಹಲವರಿಗೆ ನಿಜವಾದ ಕಷ್ಟ ಶುರುವಾಗೋದೇ ಆಮೇಲೆ.

ಮೂರು ತಿಂಗಳು ಮೀರಿಯೂ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ನರಕ್ಕೆ ಪೆಟ್ಟಾಗಿದ್ದರೆ ಉರಿ, ಜೋಮು, ಕರೆಂಟ್ ಹೊಡೆದಂಥ ನೋವು ವರ್ಷಗಟ್ಟಲೆ ಕಾಡಬಹುದು. ಕತ್ತರಿಸಿ ಹೋದ ಬೆರಳೇ ನೋಯುತ್ತಿದೆ ಅನ್ನಿಸುವುದೂ ಉಂಟು. ಇದು ಎಕ್ಸ್‌ರೇಯಲ್ಲಿ ಕಾಣಲ್ಲ. ಹಾಗಾಗಿಯೇ 'ನಾಟಕ ಆಡ್ತಾನೆ' ಅನ್ನೋ ಮಾತು ಹುಟ್ಟೋದು.

ಲೆಕ್ಕ ಹೇಗೆ?

ಇಎಸ್‌ಐ ಇದ್ದರೆ, ಗಾಯದಿಂದ ಕೆಲಸಕ್ಕೆ ಹೋಗಲಾಗದಷ್ಟು ದಿನ ಸಂಬಳದ ಶೇ 90ರಷ್ಟು ಸಿಗುತ್ತದೆ. ವೈದ್ಯರು 'ಫಿಟ್' ಎಂದು ಬರೆದ ದಿನ ಅದು ನಿಲ್ಲುತ್ತದೆ. ಆಮೇಲೆ ಮೆಡಿಕಲ್ ಬೋರ್ಡ್ ಶಾಶ್ವತ ನಷ್ಟವನ್ನು ಶೇಕಡಾವಾರು ಅಳೆಯುತ್ತದೆ. ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14. ತಿಂಗಳಿಗೆ 18,000 ರೂ. ದುಡಿಯುವವನ ತೋರುಬೆರಳು ಹೋದರೆ ತಿಂಗಳಿಗೆ ಸಿಗೋದು ಸುಮಾರು 2,270 ರೂ. ಬೆರಳಿಗೆ ಲೆಕ್ಕವಿದೆ, ರಾತ್ರಿಯಿಡೀ ನಿದ್ದೆ ಕೆಡಿಸುವ ನೋವಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲೂ ದೀರ್ಘಕಾಲಿಕ ನೋವು ಪ್ರತ್ಯೇಕವಾಗಿ ಸೇರಿಲ್ಲ.

ಹಾಗಂತ ದಾರಿಯೇ ಇಲ್ಲ ಎಂದಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ಪೂರ್ಣ ಎಂದು ಹೇಳಿತ್ತು. ಅಂದರೆ ದೇಹದಲ್ಲಿ ಎಷ್ಟು ಹೋಯಿತು ಅನ್ನೋದರ ಜೊತೆಗೆ, ಆ ಕಸುಬು ಮಾಡಲು ಆಗುತ್ತದೆಯೇ ಅನ್ನೋದೂ ಮುಖ್ಯ. ನೋವಿನ ವಾದಕ್ಕೂ ಇದೇ ಆಧಾರವಾಗಬಲ್ಲದು.

ದಾಖಲೆಯೇ ಸಾಕ್ಷಿ

ಕಾಣದ ನೋವಿಗೆ ಕಾಗದವೇ ಸಾಕ್ಷಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಾಗಲಿ, ಬಡಾವಣೆಯ ಡಿಸ್ಪೆನ್ಸರಿಯಾಗಲಿ, ಹೋದಾಗಲೆಲ್ಲ ನೋವು ಎಲ್ಲಿ, ಎಷ್ಟು ಹೊತ್ತು, ಯಾವ ಕೆಲಸ ಮಾಡಲಾಗುತ್ತಿಲ್ಲ ಎಂದು ಹೇಳಿ ಚೀಟಿಯಲ್ಲಿ ಬರೆಸಬೇಕು. ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿಗೆ ಪೆಟ್ಟು, ದಾಖಲೆಯೂ ಉಳಿಯಲ್ಲ. ನರದ ನೋವಿಗೆ ಬೇರೆಯೇ ಔಷಧಿಗಳಿವೆ, ಫಿಸಿಯೋಥೆರಪಿ ಇದೆ. ಬೋರ್ಡ್ ಕೊಟ್ಟ ಶೇಕಡಾ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಮಾಲೀಕರ ಪಾಲೂ ಇದೆ. ಹತ್ತು ಜನ ಕೆಲಸಗಾರರಿರುವ ಘಟಕಗಳಲ್ಲಿ 21,000 ರೂ.ವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಕಡ್ಡಾಯ. ಮಾಲೀಕರದು ಶೇ 3.25, ಕೆಲಸಗಾರರದು ಶೇ 0.75. ಇದನ್ನು ಉಳಿಸಲು ಹೋಗಿ ಹೆಸರು ಸೇರಿಸದಿದ್ದರೆ, ಅಪಘಾತವಾದಾಗ ಪೂರ್ತಿ ಹೊರೆ ಮಾಲೀಕರ ತಲೆ ಮೇಲೇ ಬರಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಇಎಸ್‌ಐ, ಪರಿಹಾರ ಕಾಯ್ದೆಗಳನ್ನು ಒಂದೇ ಕಡೆ ತಂದಿದೆ. ಆದರೆ ನೋವನ್ನು ಅಳೆಯುವ ಪ್ರಶ್ನೆ ಹಾಗೇ ಉಳಿದಿದೆ.

ಗಾಯಾಳುವಿಗೆ ಕೂತು ಮಾಡುವ ಕೆಲಸ, ನಡುವೆ ಸ್ವಲ್ಪ ಬಿಡುವು ಕೊಡಲು ಯಾವ ಕಾನೂನಿಗೂ ಕಾಯಬೇಕಿಲ್ಲ. ಹತ್ತು ವರ್ಷ ಪಳಗಿದ ಕೈಯನ್ನು ಮನೆಗೆ ಕಳಿಸಿ ಹೊಸಬನನ್ನು ತಂದರೆ, ಅದೇ ಪ್ರೆಸ್ಸಿನ ಮುಂದೆ ನಿಲ್ಲೋದು ಇನ್ನೊಂದು ಪಳಗದ ಕೈ.