ವರದಿಯಲ್ಲಿರುವ ‘2+’ ಏನು ಹೇಳುತ್ತದೆ?



ಸ್ತನದ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕ್ಯಾನ್ಸರ್ ಎಂದು ತಿಳಿಯಿತು. ಕೆಲವು ದಿನಗಳ ನಂತರ ಇನ್ನೊಂದು ವರದಿ ಬಂತು. ಅದರಲ್ಲಿ ‘ಹರ್-2: 2+’ ಎಂದಿದೆ. ಮನೆಯವರಿಗೆ ಏನೂ ಅರ್ಥವಾಗುವುದಿಲ್ಲ. ಡಾಕ್ಟರರನ್ನು ಕೇಳಲು ಸಂಕೋಚ. ಆದರೆ ಯಾವ ಔಷಧಿ ಕೊಡಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಆ ಅಂಕೆಗೆ ದೊಡ್ಡ ಪಾತ್ರವಿದೆ.

ಹರ್-2 ಎಂಬುದು ಜೀವಕೋಶದ ಹೊರಪೊರೆಯಲ್ಲಿರುವ ಒಂದು ಪ್ರೋಟೀನ್. ‘ಬೆಳೆ, ಎರಡಾಗು’ ಎಂಬ ಸಂದೇಶವನ್ನು ಒಳಗೆ ದಾಟಿಸುವುದು ಅದರ ಕೆಲಸ. ಆರೋಗ್ಯವಂತ ಕೋಶದಲ್ಲೂ ಅದು ಸ್ವಲ್ಪ ಇರುತ್ತದೆ. ಅತಿಯಾದರೆ ಸಂದೇಶ ನಿಲ್ಲುವುದೇ ಇಲ್ಲ, ಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಇಂತಹ ಗಡ್ಡೆಗಳು ಹೆಚ್ಚು ಉಗ್ರವಾಗಿರುತ್ತವೆ ಎಂದು ಅಮೆರಿಕದ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 15ರಿಂದ 20ರಷ್ಟು ಈ ಬಗೆಯವು.

ಕಣ್ಣಿಗೆ ಕಾಣದ ಈ ಪ್ರೋಟೀನನ್ನು ಹುಡುಕುವುದು ಹೇಗೆ? ಅದಕ್ಕೆ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ ಬೇಕು. ಹರ್-2ಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಗಡ್ಡೆಯ ತೆಳು ಪದರದ ಮೇಲೆ ಹಾಕುತ್ತಾರೆ. ಅದು ಅಂಟಿದಲ್ಲೆಲ್ಲ ಕಂದು ಬಣ್ಣ ಮೂಡುವಂತೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುತ್ತಾರೆ. 3+ ಎಂದರೆ ಪಾಸಿಟಿವ್. 0 ಮತ್ತು 1+ ಎಂದರೆ ನೆಗೆಟಿವ್. 2+ ಎಂದರೆ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಆಗ ಜೀನಿನ ಪ್ರತಿಗಳನ್ನು ಎಣಿಸುವ ‘ಫಿಶ್’ ಎಂಬ ಪರೀಕ್ಷೆ ಮಾಡಿಸಬೇಕು.

ಪ್ರತಿಕಾಯ ಒಬ್ಬ ಸಾಕ್ಷಿಯಿದ್ದಂತೆ. ಸಾಕ್ಷಿಯೂ ತಪ್ಪಬಹುದು. ಆದ್ದರಿಂದ ಒಳ್ಳೆಯ ಲ್ಯಾಬಿನಲ್ಲಿ ಹರ್-2 ಇದೆಯೆಂದು ಮೊದಲೇ ಗೊತ್ತಿರುವ ಒಂದು ತುಣುಕನ್ನೂ, ಇಲ್ಲವೆಂದು ಗೊತ್ತಿರುವ ಇನ್ನೊಂದನ್ನೂ ಜೊತೆಗೇ ಪರೀಕ್ಷಿಸುತ್ತಾರೆ. ಅವೆರಡರಲ್ಲಿ ಉತ್ತರ ಸರಿ ಬಂದರೆ ಮಾತ್ರ ನಿಮ್ಮದನ್ನು ನಂಬಬಹುದು. ತೆಗೆದ ಮಾಂಸ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು. ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಇಲ್ಲಿ ಎಡವಿದರೆ ಇರುವ ಪ್ರೋಟೀನೂ ಕಾಣದೆ ಹೋಗಬಹುದು.

ತಪ್ಪಾದರೆ ನಷ್ಟ ಎರಡು ಬಗೆಯದು. ಹರ್-2 ಪಾಸಿಟಿವ್ ಗಡ್ಡೆಗೆ ಟ್ರಾಸ್ಟುಜುಮಾಬ್ ಎಂಬ ಔಷಧವಿದೆ. ಅದೂ ಒಂದು ಪ್ರತಿಕಾಯವೇ. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮಾನವಾದ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು. ಬೇಕಾದವರಿಗೆ ಅದು ಸಿಗದಿದ್ದರೆ ಜೀವಕ್ಕೇ ಅಪಾಯ. ಬೇಡದವರಿಗೆ ಕೊಟ್ಟರೆ ಹಣವೂ ವ್ಯರ್ಥ, ಹೃದಯಕ್ಕೂ ತೊಂದರೆಯಾಗಬಹುದು.

ಆದ್ದರಿಂದ ಮೂರು ವಿಷಯ ನೆನಪಿಡಿ. ‘ನೆಗೆಟಿವ್’ ಎಂದಷ್ಟೇ ಹೇಳಿದರೆ ಅಂಕೆ ಎಷ್ಟೆಂದು ಕೇಳಿ. ದೇಹದ ಬೇರೆಡೆಗೆ ಹರಡಿದ ಕ್ಯಾನ್ಸರ್‌ನಲ್ಲಿ ಅಂಕೆ 1+ ಇದ್ದರೂ, ಫಿಶ್ ನೆಗೆಟಿವ್ ಆದ 2+ ಇದ್ದರೂ ಉಪಯೋಗಕ್ಕೆ ಬರುವ ಹೊಸ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. 2+ ಬಂದರೆ ಫಿಶ್ ಆಗಿದೆಯೇ ಎಂದು ವಿಚಾರಿಸಿ. ಮೇಣದಲ್ಲಿ ಕೂರಿಸಿಟ್ಟ ನಿಮ್ಮ ಗಡ್ಡೆಯ ತುಣುಕನ್ನು ‘ಬ್ಲಾಕ್’ ಎನ್ನುತ್ತಾರೆ. ಅದು ಯಾವ ಲ್ಯಾಬಿನಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಬೇರೆ ಡಾಕ್ಟರರ ಅಭಿಪ್ರಾಯ ಬೇಕಾದಾಗ ಮತ್ತೆ ಸೂಜಿ ಚುಚ್ಚದೆ ಅದನ್ನೇ ಪರೀಕ್ಷಿಸಬಹುದು.

ಕೇಳುವುದರಲ್ಲಿ ಸಂಕೋಚ ಬೇಡ. ಆ ವರದಿ ನಿಮ್ಮದು, ಅದರಲ್ಲಿರುವುದು ನಿಮ್ಮ ದೇಹದ ವಿಷಯ.