ಸೇವಕರ ಪ್ರಾಣವು ಅಗ್ಗವೇ?

ಪರೋಪಕಾರಕ್ಕೆ ಹೊರಟವನು ಪ್ರಾಣದಾಸೆಯನ್ನು ತೊರೆದೇ ಹೊರಡಬೇಕೆಂದು ಹೇಳುವವರು ಬಹು ಮಂದಿ ಉಂಟು. ಕೇಳುವುದಕ್ಕೆ ಮಾತು ಇಂಪಾಗಿಯೇ ಇರುವುದು. ಆದರೆ ಇದನ್ನು ಆಡುವವರು ಯಾರು? ಯುದ್ಧಭೂಮಿಗೆ ಅನ್ನ, ನೀರು, ಔಷಧಗಳನ್ನು ಹೊತ್ತು ಹೋಗುವವರಲ್ಲ. ಅವರನ್ನು ಕಳುಹಿಸಿ ದೂರದಲ್ಲಿ ಕುಳಿತವರು. ತನ್ನ ಪ್ರಾಣವನ್ನು ತಾನೇ ಕೊಡುವುದು ತ್ಯಾಗ. ಇನ್ನೊಬ್ಬನ ಪ್ರಾಣವನ್ನು ಅಲಕ್ಷ್ಯದಿಂದ ಕಳೆದು, ಅದಕ್ಕೆ ತ್ಯಾಗವೆಂದು ಹೆಸರಿಡುವುದು ಅನ್ಯಾಯ. ಈ ಭೇದವನ್ನು ಮರೆತುದರಿಂದ ಏನೇನಾಯಿತೆಂಬುದನ್ನು ವಾಚಕರು ನೋಡಬೇಕು.

೨೦೦೩ನೆಯ ಇಸವಿ ಆಗಸ್ಟ್ ೧೯ರಂದು ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಚೇರಿಯಿದ್ದ ಕೆನಾಲ್ ಹೋಟೆಲಿನ ಮಗ್ಗುಲಲ್ಲಿ ಸಿಡಿಮದ್ದು ತುಂಬಿದ ಲಾರಿಯೊಂದು ಸಿಡಿದು, ಸೆರ್ಜಿಯೋ ವಿಯೇರಾ ಡಿ ಮೆಲ್ಲೋ ಅವರೂ ಸೇರಿ ೨೨ ಮಂದಿ ಮಡಿದರು. ಕೊಂದ ಪಾಪವು ಕೊಂದವರದೇ, ಸಂದೇಹವಿಲ್ಲ. ಆದರೆ ಬಳಿಕ ಮಾರ್ಟಿ ಅಹ್ತಿಸಾರಿಯವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಸಿದ ಮಂಡಲಿಯು, ಸಂಸ್ಥೆಯ ರಕ್ಷಣಾವ್ಯವಸ್ಥೆಯೇ ಕೆಟ್ಟುಹೋಗಿದ್ದಿತೆಂದು ಮುಚ್ಚುಮರೆಯಿಲ್ಲದೆ ಹೇಳಿತು. ಆ ತಾರೀಖನ್ನೇ ಈಗ ವಿಶ್ವ ಮಾನವೀಯ ದಿನವೆಂದು ವರ್ಷವರ್ಷವೂ ಆಚರಿಸುತ್ತಾರೆ. ಆಚರಿಸಲಿ, ಆದರೆ ಸತ್ತವರಿಗೆ ಹೂವಿಟ್ಟ ಮಾತ್ರಕ್ಕೆ ಇದ್ದವರ ಋಣವು ತೀರದು.

ಆ ಋಣವು ನ್ಯಾಯಾಸ್ಥಾನದಲ್ಲಿಯೂ ಸಿದ್ಧವಾಗಿದೆ. ೨೦೧೨ರಲ್ಲಿ ಕೀನ್ಯಾ ದೇಶದ ದಾದಾಬ್ ಎಂಬಲ್ಲಿಯ ನಿರಾಶ್ರಿತರ ಶಿಬಿರದಲ್ಲಿ ನಾರ್ವೆಯ ಸಹಾಯಸಂಸ್ಥೆಯೊಂದರ ವಾಹನಗಳು ಶಸ್ತ್ರಧಾರಿಗಳ ಕಾವಲಿಲ್ಲದೆ ಹೊರಟುವು. ದುಷ್ಟರು ಮೇಲೆ ಬಿದ್ದು ಚಾಲಕನೊಬ್ಬನನ್ನು ಕೊಂದರು, ನಾಲ್ವರನ್ನು ಹೊತ್ತೊಯ್ದರು. ಆ ನಾಲ್ವರು ಬಿಡುಗಡೆ ಹೊಂದಿದ ಮೇಲೆ ಅವರಲ್ಲೊಬ್ಬನು ವ್ಯಾಜ್ಯ ಹೂಡಲು, ಅಪಾಯವು ಮುಂಗಾಣತಕ್ಕುದಾಗಿತ್ತು, ಸಂಸ್ಥೆಯದು ಘೋರ ಅಲಕ್ಷ್ಯವೆಂದು ೨೦೧೫ರಲ್ಲಿ ಓಸ್ಲೋ ನ್ಯಾಯಾಲಯವು ತೀರ್ಪಿತ್ತಿತು. ವಿಧಿಯ ಮೇಲೆ ಭಾರ ಹಾಕುವವರು ಈ ತೀರ್ಪನ್ನು ನೆನೆಯಬೇಕು.

ಇನ್ನು ಊರಿನವರ ಪಾಡು. ೨೦೦೬ರ ಆಗಸ್ಟಿನಲ್ಲಿ ಶ್ರೀಲಂಕೆಯ ಮುತ್ತೂರಿನಲ್ಲಿ, ಸುನಾಮಿಯಿಂದ ನೊಂದವರ ಸೇವೆಗೆಂದು ಹೋಗಿದ್ದ ಒಂದು ಫ್ರೆಂಚ್ ಸಂಸ್ಥೆಯ ೧೭ ಮಂದಿ ಕೆಲಸಗಾರರು ಕಾಳಗದ ನಡುವೆ ಸಿಕ್ಕಿ, ತಮ್ಮ ಕಚೇರಿಯ ಆವರಣದಲ್ಲಿಯೇ ಗುಂಡಿಗೆ ಬಲಿಯಾದರು. ಹದಿನೇಳು ಮಂದಿಯೂ ಆ ನಾಡಿನವರೇ. ೨೦೨೪ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಇಂಥ ಸೇವಕರು ೩೮೦ಕ್ಕೂ ಹೆಚ್ಚು; ಅವರಲ್ಲಿಯೂ ಬಹುಪಾಲು ಆಯಾ ದೇಶದವರೇ. ಹೊರನಾಡಿನವನಿಗೆ ವಿಮಾನವುಂಟು; ಊರಿನವನು ಎಲ್ಲಿಗೆ ಹೋಗಬೇಕು?

ಕೋಟೆಕೊತ್ತಲಗಳೊಳಗೆ ಅಡಗಿದರೆ ನೊಂದವರ ಬಳಿಗೆ ಹೋಗುವುದೆಂತು ಎಂದು ಕೆಲವರು ಕೇಳುವರು. ಪ್ರಶ್ನೆಯು ಯುಕ್ತವಾದುದೇ. ಆದರೆ ರಕ್ಷಣೆಯೆಂದರೆ ಗೋಡೆಯಷ್ಟೇ ಅಲ್ಲ. ಊರಿನವರ ವಿಶ್ವಾಸವನ್ನು ಗಳಿಸುವುದು, ದಾರಿಯ ಸುದ್ದಿಯನ್ನು ಮೊದಲೇ ತಿಳಿಯುವುದು, ಹೋಗಲಾರೆನೆಂದವನನ್ನು ಹೇಡಿಯೆನ್ನದಿರುವುದು, ಸ್ಥಳೀಯನಿಗೂ ಪರದೇಶೀಯನಿಗೂ ಒಂದೇ ಅಳತೆಯನ್ನು ಹಿಡಿಯುವುದು—ಇವೆಲ್ಲ ರಕ್ಷಣೆಯೇ. ಕಾಪಾಡಿದ ಸೇವಕನು ನಾಳೆಯೂ ನೂರು ಜನಕ್ಕೆ ನೀರು ಕೊಡುವನು, ಸತ್ತವನು ಕೊಡಲಾರನು.

ದಾನಿಗಳಾದ ನಮ್ಮಲ್ಲಿಯೂ ತಪ್ಪುಂಟು. ಕೊಟ್ಟ ಕಾಸೆಲ್ಲವೂ ಅಕ್ಕಿಬೇಳೆಗೇ ಹೋಗಬೇಕು, ಕಾವಲಿಗೆ, ಶಿಕ್ಷಣಕ್ಕೆ, ವಿಮೆಗೆ ಹೋದುದು ದಂಡವೆಂದು ನಾವೇ ಲೆಕ್ಕ ಹಾಕುವೆವು. ಅನ್ನವನ್ನು ಹೊತ್ತ ಕೈ ಉಳಿಯದೆ ಅನ್ನವು ಹಸಿದ ಬಾಯಿಗೆ ಸೇರುವುದೆಂತು? ಇನ್ನು ಮುಂದೆ ಚಂದಾ ಕೇಳಲು ಬಂದವರನ್ನು, ಎಷ್ಟು ಮೂಟೆ ಕಳುಹಿಸಿದಿರಿ ಎಂದಷ್ಟೇ ಕೇಳದೆ, ಹೊತ್ತವರು ಮನೆಗೆ ಮರಳಿದರೇ ಎಂದೂ ಕೇಳೋಣ.